ಹಳೆಯ ಡೀಸೆಲ್ ಎಂಜಿನ್‌ಗೆ ಯಾವ ಹೆಡ್ ಗ್ಯಾಸ್ಕೆಟ್?

ಪಿಸ್ಟನ್‌ಗಳಿರುವ ಬ್ಲಾಕ್ ಮತ್ತು ಅದರ ಮೇಲೆ ಕೂರುವ ಹೆಡ್ ನಡುವೆ ಸೋರದಂತೆ ಇಡುವ ತೆಳು ಹಾಳೆಯೇ ಹೆಡ್ ಗ್ಯಾಸ್ಕೆಟ್. ಮನೆಯಲ್ಲೇ ಹೆಡ್ ಬಿಚ್ಚುವವರಿಗೆ ನಾನು ಹೇಳುವುದು ಕಾಂಪೋಸಿಟ್, ಅಂದರೆ ಲೋಹದ ಜೊತೆ ಮೆತ್ತನೆಯ ಪದರವಿರುವ ಗ್ಯಾಸ್ಕೆಟ್. ಬ್ಲಾಕಿನ ಮೇಲೆ ಸಣ್ಣಪುಟ್ಟ ಗೀರುಗಳಿದ್ದರೂ ಅದರ ಮೆತ್ತನೆಯ ಪದರ ಒತ್ತಿ ಕೂರುತ್ತದೆ. ಬಹುಪದರದ ಉಕ್ಕಿನ ಗ್ಯಾಸ್ಕೆಟ್ ಟರ್ಬೊ ಎಂಜಿನ್ನಿನ ಒತ್ತಡವನ್ನೂ ಚೆನ್ನಾಗಿ ತಾಳುತ್ತದೆ, ನಿಜ. ಆದರೆ ಹೆಡ್ ಮತ್ತು ಬ್ಲಾಕ್ ಎರಡೂ ತೀರಾ ನುಣುಪಾಗಿರಬೇಕು. ಉಪ್ಪುಕಾಗದ ಹಿಡಿದು ಕೈಯಲ್ಲಿ ಉಜ್ಜಿದರೆ ಆ ನುಣುಪು ಬಾರದು, ಯಂತ್ರದಲ್ಲೇ ಫೇಸಿಂಗ್ (ಮೇಲ್ಮೈ ಹೆರೆದು ಸಮ ಮಾಡುವುದು) ಮಾಡಿಸಬೇಕು.

ಯಾವುದನ್ನೇ ಕೊಂಡರೂ ದಪ್ಪದ ವಿಷಯದಲ್ಲಿ ದಯವಿಟ್ಟು ಅವಸರಪಡಬೇಡಿ. ಅನೇಕ ಡೀಸೆಲ್ ಎಂಜಿನ್‌ಗಳಲ್ಲಿ ಪಿಸ್ಟನ್ ಬ್ಲಾಕಿನಿಂದ ಎಷ್ಟು ಮೇಲೆ ಬರುತ್ತದೆಂದು ಡಯಲ್ ಗೇಜ್ ಎಂಬ ಸೂಕ್ಷ್ಮ ಅಳತೆಯ ಸಾಧನದಿಂದ ಅಳೆದು ದಪ್ಪ ಆರಿಸಬೇಕು. ಗ್ಯಾಸ್ಕೆಟ್‌ನ ಅಂಚಿನಲ್ಲಿರುವ ಕಚ್ಚುಗಳ ಅಥವಾ ರಂಧ್ರಗಳ ಎಣಿಕೆಯೇ ಆ ದಪ್ಪದ ಗುರುತು. ತೆಳುವಾದರೆ ಪಿಸ್ಟನ್ ವಾಲ್ವಿಗೆ ಬಡಿಯಬಹುದು. ದಪ್ಪವಾದರೆ ಕಂಪ್ರೆಷನ್ (ಪಿಸ್ಟನ್ ಗಾಳಿಯನ್ನು ಒತ್ತುವ ಪ್ರಮಾಣ) ಇಳಿದು, ಚಳಿಯ ಬೆಳಗಿನಲ್ಲಿ ಎಂಜಿನ್ ಸ್ಟಾರ್ಟ್ ಆಗಲು ಸತಾಯಿಸುತ್ತದೆ.