ಮೂರು ವರ್ಷ ಬಳಸಿ ನೋಡಿದೆ: ಮನೆ ಸೆನ್ಸರ್‌ಗಳಿಗೆ ಸೆಮ್ಯಾಂಟಿಕ್ ವೆಬ್

ಸೆಮ್ಯಾಂಟಿಕ್ ವೆಬ್ ಅಂದ್ರೆ ಮಾಹಿತಿಯ ಅರ್ಥ ಕಂಪ್ಯೂಟರಿಗೂ ತಿಳಿಯೋ ಹಾಗೆ ಬರೆದಿಡೋ ರೀತಿ. ಮನೇಲಿರೋ ಹನ್ನೆರಡು ಸೆನ್ಸರ್‌ಗಳ ವಿವರವನ್ನೆಲ್ಲ ಅದರ ಆರ್‌ಡಿಎಫ್‌ನಲ್ಲಿ (ವಿಷಯವನ್ನ ಮೂರು ಭಾಗದ ಚಿಕ್ಕ ವಾಕ್ಯಗಳಾಗಿ ಬರೆಯೋ ಕ್ರಮ) ಬರೆದಿಟ್ಟು, ಅದನ್ನ ಹುಡುಕೋ ಭಾಷೆ ಸ್ಪಾರ್ಕಲ್‌ನಲ್ಲಿ ಕ್ವೆರಿ ಹಾಕಿ ಬಳಸೋಕೆ ಶುರು ಮಾಡಿ ಮೂರು ವರ್ಷ ಆಯ್ತು. ಮೊದಲ ವಾರದ ಖುಷಿಲಿ ಬರೆದಿದ್ರೆ ಬರೀ ಹೊಗಳಿಕೆನೇ ಆಗ್ತಿತ್ತು, ಅದಕ್ಕೆ ಇಷ್ಟು ದಿನ ತಡೆದೆ.

ಇದಕ್ಕೆ ಕೈ ಹಾಕಿದ್ದೇ ಒಂದು ಫ್ಯಾನ್‌ನಿಂದ. ಎರಡು ಬೇರೆ ಬೇರೆ ಕಂಪನಿ ಸೆನ್ಸರ್ ಇದ್ವು, ಒಂದು 25 ಅಂತ ಕಳಿಸೋದು, ಇನ್ನೊಂದು ಅದೇ ರೂಮಲ್ಲಿ 77 ಅಂತ. ಎರಡೂ ಸರಿನೇ, ಒಂದು ಸೆಲ್ಸಿಯಸ್, ಒಂದು ಫ್ಯಾರನ್‌ಹೀಟ್, ಆದ್ರೆ ಬರ್ತಿದ್ದ ಮೆಸೇಜಲ್ಲಿ ಯೂನಿಟ್ಟೇ ಇಲ್ಲ, ಹಾಗಾಗಿ ಫ್ಯಾನ್ ರಾತ್ರಿಯಿಡೀ ಓಡಿದೆ. ಈಗ ಪ್ರತಿ ಸೆನ್ಸರ್ ಏನನ್ನ ಅಳೆಯುತ್ತೆ, ಯಾವ ರೂಮಿಂದು ಅನ್ನೋದು ಸೋಸಾ ಪದಗಳಲ್ಲಿದೆ, ಯೂನಿಟ್ಟನ್ನ ಕ್ಯೂಯುಡಿಟಿ ಅನ್ನೋ ಅಳತೆ ಯೂನಿಟ್ಟುಗಳ ಪದಪಟ್ಟಿಯಿಂದ ತಗೊಂಡಿದೀನಿ. ಸೋಸಾ ಅಂದ್ರೆ 2017ರಲ್ಲಿ ವೆಬ್ ಸ್ಟ್ಯಾಂಡರ್ಡ್ ಮಾಡೋ ಡಬ್ಲ್ಯುತ್ರೀಸಿ ಮತ್ತೆ ಭೂಮಾಹಿತಿ ಸ್ಟ್ಯಾಂಡರ್ಡ್ ಮಾಡೋ ಓಜಿಸಿ ಸೇರಿ ತಂದ, ಸೆನ್ಸರ್‌ಗಳನ್ನ ವಿವರಿಸೋ ಎಸ್‌ಎಸ್‌ಎನ್ ಸ್ಟ್ಯಾಂಡರ್ಡ್‌ನ ತಿರುಳು, ಚಿಕ್ಕದು, ಒಂದು ದಿನ ಕೂತ್ರೆ ಕಲಿಯಬಹುದು.

ನಾನು ಮಾಡಿದ ದೊಡ್ಡ ತಪ್ಪು, ಪ್ರತಿಯೊಂದು ರೀಡಿಂಗನ್ನೂ ಟ್ರಿಪಲ್ ಸ್ಟೋರಿಗೆ (ಆರ್‌ಡಿಎಫ್ ವಾಕ್ಯಗಳನ್ನ ಇಡೋ ಡೇಟಾಬೇಸ್, ಒಂದು ವಾಕ್ಯ ಅಂದ್ರೆ ಒಂದು ಟ್ರಿಪಲ್) ಸುರಿದಿದ್ದು. 30 ಸೆಕೆಂಡಿಗೊಂದು ರೀಡಿಂಗ್ ಅಂದ್ರೆ ಒಂದು ಸೆನ್ಸರಿಗೆ ದಿನಕ್ಕೆ 2,880, ಒಂದೊಂದಕ್ಕೂ ಕಮ್ಮಿ ಅಂದ್ರೂ ಆರು ಟ್ರಿಪಲ್, ಹನ್ನೆರಡು ಸೆನ್ಸರ್‌ದು ಲೆಕ್ಕ ಹಾಕಿದ್ರೆ ದಿನಕ್ಕೆ 2 ಲಕ್ಷ ದಾಟುತ್ತೆ. ಕೆಲವೇ ತಿಂಗಳಲ್ಲಿ ಕ್ವೆರಿ ಎಲ್ಲಾ ಕುಂಟೋಕೆ ಶುರುವಾಯ್ತು. ಆಮೇಲೆ ಅಂಕಿಗಳನ್ನೆಲ್ಲ ಹೊತ್ತಿನ ಪ್ರಕಾರ ಅಂಕಿ ಇಡೋ ಮಾಮೂಲಿ ಟೈಮ್ ಸೀರೀಸ್ ಡೇಟಾಬೇಸಿಗೆ ಹಾಕಿ, ಗ್ರಾಫಲ್ಲಿ (ಅಂದ್ರೆ ಆ ಟ್ರಿಪಲ್‌ಗಳ ಜಾಲದಲ್ಲಿ) ಬರೀ ವಿವರ ಉಳಿಸ್ಕೊಂಡೆ, ಅಲ್ಲಿಂದ ಈಚೆಗೆ ತೊಂದರೆ ಇಲ್ಲ. ಸೆಮ್ಯಾಂಟಿಕ್ ವೆಬ್‌ನ ಬೆಲೆ ಇರೋದು ಆ ವಿವರದಲ್ಲೇ, ಅಂಕಿ ತುಂಬಿಡೋದ್ರಲ್ಲಲ್ಲ. ಇದನ್ನ ಯಾರಾದ್ರೂ ಮೊದಲೇ ಹೇಳಿದ್ರೆ ನಂಗೆ ಅಷ್ಟು ತಿಂಗಳು ಉಳೀತಿತ್ತು.

ಇನ್ನೊಂದು ನಿಜವಾಗ್ಲೂ ಸುಸ್ತು ಮಾಡೋ ವಿಷ್ಯ, ಹೆಸರು ತಪ್ಪಾದ್ರೆ ಎರರ್ ಬರಲ್ಲ, ಖಾಲಿ ಉತ್ತರ ಬರುತ್ತೆ. ಸೋಸಾದ ನೇಮ್‌ಸ್ಪೇಸ್ (ಅದರ ಪದಗಳ ಮುಂದೆ ಬರೋ ವಿಳಾಸ) ಎಚ್‌ಟಿಟಿಪಿ ಅಂತ ಶುರುವಾಗುತ್ತೆ, ನಾನು ಅಭ್ಯಾಸಬಲದಿಂದ ಎಚ್‌ಟಿಟಿಪಿಎಸ್ ಅಂತ ಬರೆದಿದ್ದೆ. ಒಂದೇ ಒಂದು ಅಕ್ಷರ ಜಾಸ್ತಿ, ಆದ್ರೆ ಆರ್‌ಡಿಎಫ್ ಲೆಕ್ಕದಲ್ಲಿ ಅದು ಬೇರೆನೇ ಹೆಸರು, ಇಡೀ ಸಂಜೆ ಹುಡುಕಿದೀನಿ. ಈಗ ಏನೇ ಹೊಸದು ಸೇರಿಸಿದ್ರೂ ಮೊದಲು ಶ್ಯಾಕಲ್‌ನಲ್ಲಿ (ಆರ್‌ಡಿಎಫ್ ಸರಿಯಾಗಿದೆಯಾ ಅಂತ ನೋಡೋಕೆ ನಿಯಮ ಬರೆಯೋ ಭಾಷೆ) ಚೆಕ್ ಮಾಡ್ತೀನಿ, ನೀವೂ ಮೊದಲ ದಿನದಿಂದ ಮಾಡಿ.

ಇಷ್ಟೆಲ್ಲಾ ಕಷ್ಟ ಯಾಕೆ ಅಂತ ಕೇಳಿದ್ರೆ, ಹೋದ ವರ್ಷ ಮಲಗೋ ರೂಮಿನ ಸೆನ್ಸರ್ ಕೆಟ್ಟೋಯ್ತು. ಬೇರೆ ಕಂಪನಿದು ತಂದು ಹಾಕಿ ಗ್ರಾಫಲ್ಲಿ ನಾಲ್ಕು ಸಾಲು ಬದಲಾಯಿಸಿದೆ ಅಷ್ಟೇ. ನನ್ನ ಕ್ವೆರಿಗಳು ಸೆನ್ಸರ್ ಹೆಸರು ಹಿಡಿದು ಕೇಳಲ್ಲ, ‘ಮಲಗೋ ರೂಮಿನ ಟೆಂಪರೇಚರ್ ಅಳೆಯೋದು ಯಾವ್ದು’ ಅಂತ ಕೇಳ್ತವೆ, ಹಾಗಾಗಿ ಒಂದು ಆಟೊಮೇಷನ್ನನ್ನೂ ಮುಟ್ಟಬೇಕಾಗ್ಲಿಲ್ಲ. ಮೊದಲೆಲ್ಲ ಹೀಗಾದ್ರೆ ಹತ್ತು ಕಡೆ ಹೆಸರು ತಿದ್ದಬೇಕಿತ್ತು.

ಎರಡು ಮೂರು ಸೆನ್ಸರ್, ಎಲ್ಲಾ ಒಂದೇ ಕಂಪನಿದು ಅನ್ನೋರಿಗೆ ಇದು ಬೇಡ. ಬೇರೆ ಬೇರೆ ಕಡೆದು ಸೇರ್ತಾ ಹೋಗ್ತಿದ್ರೆ ಖಂಡಿತ ಮಾಡಿ. ಡಿವೈಸ್ ತನ್ನ ಬಗ್ಗೆ ತಾನೇ ಹೇಳ್ಕೊಳ್ಳೋಕೆ ‘ಥಿಂಗ್ ಡಿಸ್ಕ್ರಿಪ್ಷನ್’ ಅನ್ನೋ ಸ್ಟ್ಯಾಂಡರ್ಡ್ 2020ರಲ್ಲೇ ಬಂದಿದೆ, ಆದ್ರೂ ನಾನು ಕೊಂಡ ಹನ್ನೆರಡರಲ್ಲಿ ಒಂದೂ ಅದನ್ನ ಕೊಡ್ಲಿಲ್ಲ, ಎಲ್ಲಾನೂ ಕೈಯಲ್ಲೇ ಬರೆದೆ.