ಲ್ಯಾನ್ ತಂತಿ ನಿಧಾನವಾದರೆ ಕಂಪ್ಯೂಟರನ್ನು ಅಂಗಡಿಗೆ ಕೊಡಬೇಡಿ

ಮನೆಯ ಕಂಪ್ಯೂಟರಿಗೆ ತಂತಿಯಲ್ಲಿ ಬರುವ ಇಂಟರ್ನೆಟ್ ನಿಧಾನವಾಗಿದೆ ಎಂದು ಯಾರನ್ನಾದರೂ ಕರೆಯುವ ಮುನ್ನ ಒಂದು ಅಂಕಿಯನ್ನು ನೀವೇ ನೋಡಿಕೊಳ್ಳಿ. ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ವಿಭಾಗಕ್ಕೆ ಹೋಗಿ ಈಥರ್ನೆಟ್ ಎಂಬುದನ್ನು ತೆರೆದರೆ ‘ಲಿಂಕ್ ಸ್ಪೀಡ್’ ಎಂಬ ಸಾಲು ಸಿಗುತ್ತದೆ. ಅಲ್ಲಿ 1000/1000 ಇದೆಯೋ 100/100 ಇದೆಯೋ (ಎಂಬಿಪಿಎಸ್, ಅಂದರೆ ಸೆಕೆಂಡಿಗೆ ಎಷ್ಟು ಮೆಗಾಬಿಟ್ ಎಂಬ ಲೆಕ್ಕ) ನೋಡಿ, ಒಂದು ಫೋಟೊ ತೆಗೆದಿಡಿ. ರಿಪೇರಿಗೆ ಬಂದವರಲ್ಲಿ ಒಬ್ಬರೂ ಆ ಸಾಲನ್ನು ನೋಡಲಿಲ್ಲ. ಅದರಿಂದ ಮುಂಬೈಯ ಮುಲುಂಡಿನಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ಹಣವೂ ಹೋಯಿತು, ಹಣ ಕೊಟ್ಟರೂ ಮರಳಿ ಬಾರದ ವಸ್ತುವೂ ಹೋಯಿತು.

ಭಾವ ಮನೆಯಲ್ಲೇ ಕುಳಿತು ಪುಟವಿನ್ಯಾಸ ಮಾಡುತ್ತಾರೆ. ಮುಂಬೈಯ ಕನ್ನಡ ಸಂಘಗಳ ಸ್ಮರಣ ಸಂಚಿಕೆಗಳು, ಯಕ್ಷಗಾನದ ಕರಪತ್ರಗಳು, ಮದುವೆಯ ಆಮಂತ್ರಣಗಳು ಅವರ ಕೆಲಸ. ಮುದ್ರಣಾಲಯಕ್ಕೆ ಕಳುಹಿಸುವ ಕಡತಗಳು ಬಹಳ ದೊಡ್ಡವು. ಮನೆಗೆ ಹಾಕಿಸಿಕೊಂಡದ್ದು 300 ಎಂಬಿಪಿಎಸ್ ಸಂಪರ್ಕ. ರೂಟರಿನ ಪಕ್ಕ ನಿಂತರೆ ಮೊಬೈಲಿನಲ್ಲಿ ಹೆಚ್ಚುಕಡಿಮೆ ಅಷ್ಟೂ ಸಿಗುತ್ತಿತ್ತು. ತಂತಿ ಜೋಡಿಸಿದ ಕಂಪ್ಯೂಟರಿನಲ್ಲಿ ಮಾತ್ರ 94ರ ಆಚೆ ಹೋಗುತ್ತಿರಲಿಲ್ಲ.

ಈ 94 ಬಹಳ ಮುಖ್ಯವಾದ ಸುಳಿವು, ದಯವಿಟ್ಟು ನೆನಪಿನಲ್ಲಿಡಿ. ರೂಟರನ್ನೂ ಕಂಪ್ಯೂಟರನ್ನೂ ಜೋಡಿಸುವ ಲ್ಯಾನ್ ತಂತಿಯೊಳಗೆ ಎಂಟು ಎಳೆಗಳಿರುತ್ತವೆ, ಎರಡೆರಡು ಹೆಣೆದುಕೊಂಡು ನಾಲ್ಕು ಜೋಡಿ. 100 ಎಂಬಿಪಿಎಸ್ ವೇಗಕ್ಕೆ ಎರಡು ಜೋಡಿ ಸಾಕು. 1000ಕ್ಕೆ ನಾಲ್ಕೂ ಜೋಡಿ ಬೇಕು. ಒಂದೇ ಒಂದು ಎಳೆ ತುಂಡಾದರೂ ಅಥವಾ ಜಾಕಿನಲ್ಲಿ ಸರಿಯಾಗಿ ಕೂರದಿದ್ದರೂ ಕಂಪ್ಯೂಟರ್ ಮತ್ತು ರೂಟರ್ ಅನೇಕ ಸಲ ತಾವೇ 100ಕ್ಕೆ ಇಳಿದುಬಿಡುತ್ತವೆ. ಯಾವ ಎಚ್ಚರಿಕೆಯೂ ಬರುವುದಿಲ್ಲ, ಸಂಪರ್ಕವೂ ಕಡಿಯುವುದಿಲ್ಲ. ಆ 100ರಲ್ಲಿ ಸ್ವಲ್ಪ ಭಾಗ ದತ್ತಾಂಶದ ಜೊತೆ ಹೋಗುವ ವಿಳಾಸ ಇತ್ಯಾದಿಗಳಿಗೆ ಖರ್ಚಾಗಿ ನಮಗೆ ದಕ್ಕುವುದು 94 ಅಥವಾ 95. ಹಗಲು ರಾತ್ರಿ ಎನ್ನದೆ ವೇಗ ಅಲ್ಲಿಯೇ ನಿಂತಿದ್ದರೆ ಇಂಟರ್ನೆಟ್ ಕಂಪನಿಯನ್ನು ದೂರುವ ಮೊದಲು ರೂಟರಿನಿಂದ ಕಂಪ್ಯೂಟರಿನವರೆಗಿನ ದಾರಿಯನ್ನು ಅನುಮಾನಿಸಿ. ಕಡಿಮೆ ಬೆಲೆಯ ಕೆಲವು ರೂಟರುಗಳ ಡಬ್ಬಿಯ ಮೇಲೆ 1200 ಎಂದು ದೊಡ್ಡದಾಗಿ ಬರೆದಿದ್ದರೂ ತಂತಿ ಚುಚ್ಚುವ ಪೋರ್ಟುಗಳು 100ರವೇ ಆಗಿರುತ್ತವೆ. ಅದನ್ನೂ ನೋಡಿಕೊಳ್ಳಬೇಕು. ಅಕ್ಕನ ಮನೆಯದು 1000ದ ಪೋರ್ಟುಗಳಿದ್ದ ರೂಟರ್.

ಇಂಟರ್ನೆಟ್ ಕಂಪನಿಯಿಂದ ಬಂದ ಹುಡುಗ ಮೊಬೈಲಿನಲ್ಲಿ ವೇಗ ತೋರಿಸಿ, “ನಮ್ಮ ಲೈನ್ ಸರಿ ಇದೆ, ದೋಷ ನಿಮ್ಮ ಕಂಪ್ಯೂಟರಿನದು” ಎಂದು ಹೊರಟುಹೋದ. ಅವನ ಮಾತಿನ ಮೊದಲರ್ಧ ನಿಜ. ಎರಡನೆಯ ಅರ್ಧವನ್ನು ಪರೀಕ್ಷಿಸದೆಯೇ ಹೇಳಿದ್ದ. ಅದನ್ನು ನಂಬಿ ಭಾವ ಕಂಪ್ಯೂಟರನ್ನು ರಿಪೇರಿ ಅಂಗಡಿಗೆ ಒಯ್ದರು. ಲ್ಯಾನ್ ಪೋರ್ಟ್ ಸುಟ್ಟಿದೆ, ಬೇರೆ ಕಾರ್ಡ್ ಹಾಕಬೇಕು, ವಿಂಡೋಸನ್ನೂ ಹೊಸದಾಗಿ ಹಾಕಬೇಕು ಎಂದು ಅಲ್ಲಿ ಹೇಳಿದರು. ಬೇರೊಂದು ತಂತಿ ಚುಚ್ಚಿ ನೋಡದೆ ಪೋರ್ಟ್ ಸುಟ್ಟಿದೆ ಎಂದು ಹೇಳುವುದು ಯಾರಿಗೂ ಸಾಧ್ಯವಿಲ್ಲ. ‘ಡಿ’ ಡ್ರೈವನ್ನು ಮುಟ್ಟಬಾರದು ಎಂದು ಭಾವ ಒತ್ತಿ ಹೇಳಿ ಬಂದಿದ್ದರು. ಅಂಗಡಿಯವರು ಇಡೀ ಡಿಸ್ಕನ್ನು ಅಳಿಸಿ ಕೊಟ್ಟರು.

ಅದರಲ್ಲಿ ಏನಿತ್ತು ಎಂಬುದನ್ನು ಹೇಳಲೇಬೇಕು. ಹಿಂದೆ ಹೋಟೆಲುಗಳಲ್ಲಿ ದುಡಿಯುತ್ತ ಮುಂಬೈಯ ಫೋರ್ಟ್ ಪ್ರದೇಶದ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ಹಿರಿಯರ ಮನೆಗಳಿಗೆ ಹೋಗಿ ಭಾವ ಹಳೆಯ ಫೋಟೊಗಳನ್ನು ಸ್ಕ್ಯಾನ್ ಮಾಡಿ ತರುತ್ತಿದ್ದರು. ಮೂಲ ಪ್ರತಿಗಳನ್ನು ಆಗಲೇ ಮರಳಿಸಿದ್ದರು. ಆ ಹಿರಿಯರಲ್ಲಿ ಕೆಲವರು ಈಗಿಲ್ಲ, ಅವರ ಮಕ್ಕಳು ಮನೆ ಬದಲಿಸಿದ್ದಾರೆ. ಡಿಸ್ಕಿನ ಮೇಲೆ ಹೊಸದಾಗಿ ಬರೆದುಬಿಟ್ಟಿದ್ದರಿಂದ ಬಹುಪಾಲು ಮರಳಿ ಸಿಗಲಿಲ್ಲ. ಒಂದು ತಂತಿಯ ದೋಷಕ್ಕೆ ಒಂದು ಊರಿನ ನೆನಪು ಅಳಿಸಿಹೋಯಿತಲ್ಲ ಎಂಬ ಸಂಕಟ ನನಗೆ ಈಗಲೂ ತಣಿದಿಲ್ಲ.

ರಿಪೇರಿಯಾಗಿ ಬಂದ ಕಂಪ್ಯೂಟರ್ ಮೊದಲಿಗಿಂತಲೂ ನಿಧಾನವಾಗಿತ್ತು. ಸಣ್ಣ ಪುಟಗಳು ತೆರೆಯುತ್ತಿದ್ದವು, ದೊಡ್ಡ ಕಡತ ಕಳುಹಿಸಲು ಹೋದರೆ ತೆವಳುತ್ತಿತ್ತು. ಅಕ್ಕ ಫೋನ್ ಮಾಡಿ, “ನೀನೊಮ್ಮೆ ಬಂದು ನೋಡೋ, ಭಾವ ಊಟವನ್ನೂ ಸರಿಯಾಗಿ ಮಾಡುತ್ತಿಲ್ಲ” ಎಂದಳು. ನನ್ನ ಲ್ಯಾಪ್‌ಟಾಪ್ ಮತ್ತು ಒಂದು ಗಿಡ್ಡ ಲ್ಯಾನ್ ತಂತಿ ತೆಗೆದುಕೊಂಡು ಹೋದೆ. ರೂಟರಿನ ಪಕ್ಕ ಕುಳಿತು ಗಿಡ್ಡ ತಂತಿ ಚುಚ್ಚಿದಾಗ ಲಿಂಕ್ ಸ್ಪೀಡ್ 1000/1000. ಅದೇ ಲ್ಯಾಪ್‌ಟಾಪನ್ನು ಭಾವನ ಕೋಣೆಗೆ ಒಯ್ದು ಅಲ್ಲಿಯ ಉದ್ದ ತಂತಿಗೆ ಚುಚ್ಚಿದಾಗ 100/100. ದೋಷ ಆ ತಂತಿಯಲ್ಲಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಈ ಪರೀಕ್ಷೆಗೆ ಯಾವ ವಿದ್ಯೆಯೂ ಬೇಕಿಲ್ಲ, ಯಾರು ಬೇಕಾದರೂ ಮಾಡಬಹುದು.

ಕಂಪ್ಯೂಟರ್ ಇನ್ನಷ್ಟು ನಿಧಾನವಾದದ್ದೇಕೆ? ಡಿವೈಸ್ ಮ್ಯಾನೇಜರ್ ತೆರೆದು ನೆಟ್‌ವರ್ಕ್ ಕಾರ್ಡಿನ ಅಡ್ವಾನ್ಸ್ಡ್ ಪಟ್ಟಿಯಲ್ಲಿ ‘ಸ್ಪೀಡ್ ಮತ್ತು ಡ್ಯೂಪ್ಲೆಕ್ಸ್’ ನೋಡಿದೆ. ಅಂಗಡಿಯವರು ಅದನ್ನು 100 ಫುಲ್ ಡ್ಯೂಪ್ಲೆಕ್ಸ್ ಎಂದು ಕೈಯಾರೆ ಗಟ್ಟಿಮಾಡಿದ್ದರು. ಒಂದು ತುದಿಯನ್ನು ಹೀಗೆ ಬಿಗಿದು ಇನ್ನೊಂದು ತುದಿಯನ್ನು ಆಟೊದಲ್ಲಿ (ಎರಡೂ ತುದಿಗಳು ತಾವೇ ಮಾತಾಡಿಕೊಂಡು ವೇಗವನ್ನು ಗೊತ್ತುಮಾಡಿಕೊಳ್ಳುವ ಆಟೊ ನೆಗೋಷಿಯೇಷನ್‌ನಲ್ಲಿ) ಬಿಟ್ಟರೆ ರೂಟರಿಗೆ ಎದುರಿನವರ ಮಾತು ತಿಳಿಯದೆ ಅದು ಹಾಫ್ ಡ್ಯೂಪ್ಲೆಕ್ಸಿಗೆ ಇಳಿಯುತ್ತದೆ. ಅಂದರೆ ಕಂಪ್ಯೂಟರ್ ಏಕಕಾಲಕ್ಕೆ ಕಳುಹಿಸುತ್ತ ಪಡೆಯುತ್ತ ಇರುತ್ತದೆ, ರೂಟರ್ ಒಂದು ಸಲಕ್ಕೆ ಒಂದನ್ನೇ ಮಾಡುತ್ತದೆ. ಭಾರ ಹೆಚ್ಚಾದಂತೆ ಡಿಕ್ಕಿಗಳಾಗಿ ಎಲ್ಲವನ್ನೂ ಮತ್ತೆ ಮತ್ತೆ ಕಳುಹಿಸಬೇಕಾಗುತ್ತದೆ. ಮನೆಯ ಕಂಪ್ಯೂಟರಿನಲ್ಲಿ ಅದು ಸದಾ ಆಟೊ ನೆಗೋಷಿಯೇಷನ್‌ನಲ್ಲೇ ಇರಲಿ. ಮರಳಿ ಹಾಗೆ ಮಾಡಿದ ಕೂಡಲೇ ವೇಗ 94ಕ್ಕೆ ಏರಿತು.

ಉಳಿದದ್ದು ತಂತಿ. ಫ್ಲ್ಯಾಟಿನ ನವೀಕರಣದ ಸಮಯದಲ್ಲಿ ವೈರಿಂಗ್ ಗುತ್ತಿಗೆದಾರ ಅದನ್ನು ಹಜಾರದ ಕಿಟಕಿಯಿಂದ ಹೊರಗೆ ತೆಗೆದು, ಗ್ರಿಲ್ಲಿಗೆ ಕಟ್ಟಿ, ಕೋಣೆಯ ಕಿಟಕಿಯಿಂದ ಒಳಗೆ ತಂದಿದ್ದ. ಗ್ರಿಲ್ಲಿನ ಹಿಂದೆ ಕಣ್ಣಿಗೆ ಬೀಳದ ಜಾಗದಲ್ಲಿ ಎರಡು ತುಂಡುಗಳನ್ನು ತಿರುಚಿ ಜೋಡಿಸಿ ಟೇಪ್ ಸುತ್ತಿದ್ದ. ಮುಂಬೈಯ ಮಳೆಗಾಲದಲ್ಲಿ ಆ ಟೇಪಿನೊಳಗೆ ನೀರು ಇಳಿಯದೆ ಇರುತ್ತದೆಯೇ? ತಂತಿಯ ಬಿಳಿಯ ಹೊದಿಕೆ ಒಳಾಂಗಣದ ಬಳಕೆಯದು, ಬಿಸಿಲಿಗೆ ಬಿರುಕು ಬಿಟ್ಟಿತ್ತು. ಟೇಪ್ ಬಿಚ್ಚಿದಾಗ ಕಂದು ಬಣ್ಣದ ಎಳೆ ಮುರಿದಿತ್ತು. ಮುರಿದ ತುದಿಯನ್ನು ಬ್ಲೇಡಿನಿಂದ ಕೆರೆದೆ. ಒಳಗೆ ಬೆಳ್ಳಗೆ ಹೊಳೆಯಿತು. ಅದು ತಾಮ್ರದ ತಂತಿಯೇ ಅಲ್ಲ, ಅಲ್ಯುಮಿನಿಯಂ ಎಳೆಯ ಮೇಲೆ ತೆಳುವಾದ ತಾಮ್ರದ ಲೇಪ. ಗುತ್ತಿಗೆದಾರ ಬಿಲ್ಲಿನಲ್ಲಿ ‘ಕ್ಯಾಟ್ 6, ಶುದ್ಧ ತಾಮ್ರ’ (ಕ್ಯಾಟ್ 6 ಎಂಬುದು ಲ್ಯಾನ್ ತಂತಿಯ ಒಂದು ದರ್ಜೆ) ಎಂದು ಬರೆದು ಅದರ ಬೆಲೆಯನ್ನೇ ಪಡೆದಿದ್ದ.

ಈ ಮೋಸವನ್ನೇ ಎಲ್ಲರೂ ಗಮನಿಸಬೇಕು. ಸಿಸಿಎ (ಕಾಪರ್ ಕ್ಲ್ಯಾಡ್ ಅಲ್ಯುಮಿನಿಯಂ) ಎಂದು ಕರೆಯುವ ಈ ತಂತಿ ಕ್ಯಾಟ್ 5ಇ, ಕ್ಯಾಟ್ 6 ಮಾನದಂಡಗಳಿಗೆ ಒಳಪಡುವುದೇ ಇಲ್ಲ, ಅವುಗಳಿಗೆ ಪೂರ್ಣ ತಾಮ್ರವೇ ಬೇಕು. ಅಲ್ಯುಮಿನಿಯಂ ವಿದ್ಯುತ್ತನ್ನು ಹೆಚ್ಚು ತಡೆಯುತ್ತದೆ, ಬಾಗಿಸಿದಲ್ಲಿ ಬೇಗ ಮುರಿಯುತ್ತದೆ. ಅದೇ ತಂತಿಯಲ್ಲಿ ವಿದ್ಯುತ್ ಹರಿಸಿ ನಡೆಸುವ ಸಿಸಿಟಿವಿ ಕ್ಯಾಮೆರಾ ಇದ್ದರೆ ತಂತಿ ಬಿಸಿಯಾಗುವ ಅಪಾಯವೂ ಇದೆ. ದೀಪ ಮಿನುಗಿಸಿ ತೋರಿಸುವ ಅಗ್ಗದ ಟೆಸ್ಟರ್ ಎಳೆ ತುಂಡಾಗಿದೆಯೇ ಎಂಬುದನ್ನಷ್ಟೇ ಹೇಳುತ್ತದೆ, ಲೋಹ ಯಾವುದೆಂದು ಹೇಳುವುದಿಲ್ಲ. ತಂತಿ ಎಳೆಯುವ ಮುನ್ನ ನಿಮ್ಮೆದುರೇ ಒಂದು ತುಂಡು ಕತ್ತರಿಸಿ ಕೆರೆಯಿಸಿ ನೋಡಿ. ಅದಕ್ಕೆ ಒಪ್ಪದವನಿಗೆ ಕೆಲಸ ಕೊಡಬೇಡಿ.

ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಲ್ಯಾಮಿಂಗ್ಟನ್ ರಸ್ತೆಯಿಂದ ಹೊರಾಂಗಣದ ಕಪ್ಪು ಹೊದಿಕೆಯ ಪೂರ್ಣ ತಾಮ್ರದ ತಂತಿ ತಂದು, ನಡುವೆ ಎಲ್ಲಿಯೂ ಜೋಡಿಸದೆ ಎಳೆಸಿದೆವು. ಲಿಂಕ್ ಸ್ಪೀಡ್ 1000/1000 ಆಯಿತು, ಭಾವನಿಗೆ 300 ಪೂರ್ತಿ ಸಿಕ್ಕಿತು. ಬಿಲ್ಲನ್ನೂ ಕತ್ತರಿಸಿದ ತುಂಡನ್ನೂ ಮುಂದಿಟ್ಟಾಗ ಗುತ್ತಿಗೆದಾರ ತಂತಿಯ ಹಣ ಮರಳಿಸಿದ. ರಿಪೇರಿ ಅಂಗಡಿಯವರು ಜಗ್ಗಲಿಲ್ಲ. ಅವರ ಮೇಲೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ದೂರು ಕೊಟ್ಟಿದ್ದೇವೆ. ಅದೇ ಗುತ್ತಿಗೆದಾರ ಆ ಸೊಸೈಟಿಯ ಇನ್ನೂ ಅನೇಕ ಫ್ಲ್ಯಾಟುಗಳಿಗೆ ತಂತಿ ಎಳೆದಿದ್ದಾನೆ. ಅಕ್ಕ ಈಗ ಮನೆಮನೆಗೆ ಹೋಗಿ ಹೇಳುತ್ತಿದ್ದಾಳೆ, ಕ್ಯಾಮೆರಾ ಇರುವ ಮನೆಗಳಿಗೆ ಮೊದಲು.