ಮೂರು ಸ್ಟಾರ್ ಕೊಟ್ಟಿದ್ದೇನೆ, ಕಿತ್ತ ಎರಡರಲ್ಲಿ ಒಂದು ನನ್ನ ಲೆಕ್ಕಕ್ಕೆ

ಮೂರು ವರ್ಷ ದುಡ್ಡು ಕಟ್ಟಿ, ಒಂದು ಸಲ ಕ್ಲೇಮ್ ಮಾಡಿ, ಒಂದು ಸಲ ಜಗಳ ಆಡಿದ ಮೇಲೆ ಈ ಹೆಲ್ತ್ ಇನ್ಶೂರೆನ್ಸ್ ಬಗ್ಗೆ ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಹಾಕುವುದಿಲ್ಲ. ಯಾಕೆ ಅಂತ ಓದುತ್ತಾ ಹೋದರೆ ಗೊತ್ತಾಗುತ್ತದೆ, ತಪ್ಪು ಅವರೊಬ್ಬರದ್ದೇ ಆಗಿದ್ದರೆ ದಪ್ಪ ಅಕ್ಷರದಲ್ಲಿ ಹಾಕುತ್ತಿದ್ದೆ.

ನಾನು ದಾವಣಗೆರೆಯಲ್ಲಿ ಒಂದು ಝೆರಾಕ್ಸ್ ಮತ್ತು ಆನ್‌ಲೈನ್ ಸೆಂಟರ್ ಇಟ್ಟುಕೊಂಡಿದ್ದೇನೆ. ಆಧಾರ್ ತಿದ್ದುಪಡಿ, ಸ್ಕಾಲರ್‌ಶಿಪ್, ಪಹಣಿ, ಜಾತಿ ಪ್ರಮಾಣಪತ್ರ, ದಿನವಿಡೀ ಬೇರೆಯವರ ಅರ್ಜಿ ತುಂಬುವುದೇ ನನ್ನ ಹೊಟ್ಟೆಪಾಡು. ಹೆಸರಲ್ಲಿ ಒಂದು ಇನಿಷಿಯಲ್ ಆಚೀಚೆ ಆದರೂ ಗಿರಾಕಿಗೆ ಬೈದು ಸರಿ ಮಾಡಿಸುವ ಮನುಷ್ಯ. ಅಂಥವನು ನನ್ನ ಸ್ವಂತ ಪಾಲಿಸಿಯ ಫಾರ್ಮ್ ಓದಲಿಲ್ಲ. ಇದನ್ನ ಹೇಳಿಕೊಳ್ಳೋಕೆ ನಾಚಿಕೆ ಆಗುತ್ತದೆ, ಆದರೂ ಹೇಳುತ್ತಿದ್ದೇನೆ.

ಪಾಲಿಸಿ ಮಾಡಿಸಿದ್ದು 2022ರ ನವೆಂಬರ್‌ನಲ್ಲಿ. ನಾನು, ಹೆಂಡತಿ, ಮಗಳು, ಮೂವರಿಗೂ ಸೇರಿ ಹತ್ತು ಲಕ್ಷ. ಏಜೆಂಟ್ ನಮ್ಮ ಬೀದಿಯವರೇ, ಅಂಗಡಿಗೆ ದಿನಾ ಬರುವವರು. ಕೌಂಟರ್ ಮೇಲೆ ಮೊಬೈಲ್ ಇಟ್ಟುಕೊಂಡು ಅವರೇ ಎಲ್ಲ ತುಂಬಿದರು. ನನಗೆ 2020ರಿಂದ ಬಿ.ಪಿ. ಇದೆ, ಬೆಳಿಗ್ಗೆ ಒಂದು ಮಾತ್ರೆ. ಅದನ್ನ ನಾನು ಹೇಳಿದೆ. ‘ಅಯ್ಯೋ, ಬಿ.ಪಿ. ಯಾರಿಗಿಲ್ಲ ಸಾರ್? ಬರೆದರೆ ಸುಮ್ನೆ ಪ್ರೀಮಿಯಂ ಜಾಸ್ತಿ ಆಗುತ್ತೆ, ಮೆಡಿಕಲ್ ಟೆಸ್ಟ್ ಅಂತ ಓಡಾಡಿಸ್ತಾರೆ, ಬಿಡಿ’ ಅಂದರು. ನಾನೂ ಬಿಟ್ಟೆ. ಆಮೇಲೆ ನನ್ನ ಫೋನಿಗೆ ಒಂದು ಒಟಿಪಿ ಬಂತು, ಇನ್ಯಾರದ್ದೋ ಮಾರ್ಕ್ಸ್ ಕಾರ್ಡ್ ಲ್ಯಾಮಿನೇಷನ್ ಮಾಡುತ್ತಾ ಆರು ಅಂಕಿ ಓದಿ ಹೇಳಿದೆ. ಅಷ್ಟೇ, ಪಾಲಿಸಿ ಆಯ್ತು.

ಮೊದಲು ಒಳ್ಳೇದನ್ನ ಹೇಳಿಬಿಡುತ್ತೇನೆ. ಆ್ಯಪ್ ಚೆನ್ನಾಗಿದೆ, ಹ್ಯಾಂಗ್ ಆಗುವುದಿಲ್ಲ. ಕಾರ್ಡ್ ಎರಡೇ ದಿನದಲ್ಲಿ ಬಂತು. ಕನ್ನಡದಲ್ಲಿ ಮಾತಾಡುವವರು ಬೇಕು ಅಂದರೆ ಫೋನ್ ಸ್ವಲ್ಪ ಹೊತ್ತು ಹಿಡಿದುಕೊಂಡು ಕಾಯಬೇಕು, ಆದರೆ ಸಿಗುತ್ತಾರೆ. ನಮ್ಮ ಊರಲ್ಲಿ ಕ್ಯಾಶ್‌ಲೆಸ್ (ಬಿಲ್ಲನ್ನ ಕಂಪನಿಯೇ ನೇರ ಆಸ್ಪತ್ರೆಗೆ ಕಟ್ಟುವುದು) ಇರುವ ಆಸ್ಪತ್ರೆಗಳ ಪಟ್ಟಿಯೂ ಪರವಾಗಿಲ್ಲ.

2024ರ ಜುಲೈ. ಆ ವರ್ಷ ಡೆಂಗಿ ಹೇಗಿತ್ತು ಅಂತ ನಿಮಗೆ ನೆನಪಿರಬಹುದು, ರಾಜ್ಯದ ತುಂಬ ಅದೇ ಮಾತು. ನನಗೂ ಬಂತು. ಮೂರನೇ ದಿನ ಪ್ಲೇಟ್‌ಲೆಟ್ ಇಳಿದು ರಾತ್ರಿ ಒಂದೂವರೆಗೆ ಅಡ್ಮಿಟ್ ಆದೆ. ಡ್ಯೂಟಿ ಡಾಕ್ಟರ್ ಚಿಕ್ಕ ವಯಸ್ಸಿನ ಹುಡುಗಿ, ನಿದ್ದೆಗಣ್ಣಲ್ಲಿ ಕೇಸ್ ಶೀಟ್ ಬರೆಯುತ್ತಿದ್ದಳು. ‘ಬಿ.ಪಿ., ಶುಗರ್ ಏನಾದ್ರೂ ಇದೆಯಾ?’ ನನ್ನ ಹೆಂಡತಿ, ‘ಬಿ.ಪಿ. ಇದೆ ಡಾಕ್ಟ್ರೇ, ಮಾತ್ರೆ ತಗೋತಾರೆ.’ ‘ಎಷ್ಟು ವರ್ಷದಿಂದ?’ ‘ಒಂದು ಐದಾರು ವರ್ಷ ಆಗಿರಬೇಕು.’ ಆ ಹುಡುಗಿ 6 ಅಂತ ಬರೆದಳು. ನಿಜವಾಗಿ ನಾಲ್ಕೂವರೆ. ಆದರೆ ಆ ಹೊತ್ತಲ್ಲಿ ಲೆಕ್ಕ ಹಾಕುವವರು ಯಾರು?

ಆ ಒಂದು ಸಾಲು ಇಡೀ ಕತೆಯನ್ನೇ ತಿರುಗಿಸಿತು. ಬೆಳಿಗ್ಗೆ ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರ್‌ನವರು ಕಾಗದ ಕಳಿಸಿದರು. ಮಧ್ಯಾಹ್ನ ಕಂಪನಿಯಿಂದ ಪ್ರಶ್ನೆ ಬಂತು, ಬಿ.ಪಿ.ಗೆ ಮೊದಲ ಸಲ ತೋರಿಸಿದ ಚೀಟಿ ಕಳಿಸಿ ಅಂತ. ಡೆಂಗಿಗೆ ಮಲಗಿದವನ ಹತ್ತಿರ ಬಿ.ಪಿ. ಚೀಟಿ! ಮಗಳು ಮನೆಗೆ ಹೋಗಿ ಬೀರು ಕೆದಕಿ 2020ರ ಚೀಟಿ ತಂದಳು. ಅದನ್ನ ಕಳಿಸಿದ ಕೂಡಲೇ ಕ್ಯಾಶ್‌ಲೆಸ್ ಇಲ್ಲ ಅಂದರು. ಐದು ದಿನದ ಬಿಲ್ಲು 78,460 ರೂಪಾಯಿ. ಭಾವಮೈದುನ ದುಡ್ಡು ಹಾಕಿದ, ಮನೆಗೆ ಬಂದೆವು.

ಆಮೇಲೆ ಬಿಲ್ಲು ಹಾಕಿದ್ದಕ್ಕೆ ಬಂದ ಪತ್ರ ಮೂರೇ ಪ್ಯಾರಾ. ಪಾಲಿಸಿ ಮಾಡುವಾಗ ಇದ್ದ ಕಾಯಿಲೆಯನ್ನು ತಿಳಿಸಿಲ್ಲ, ಆದ್ದರಿಂದ ಕ್ಲೇಮ್ ತಿರಸ್ಕರಿಸಲಾಗಿದೆ, ಪಾಲಿಸಿಯನ್ನೇ ರದ್ದು ಮಾಡುವ ಹಕ್ಕೂ ನಮಗಿದೆ. ನನಗೆ ಸಿಟ್ಟು ನೆತ್ತಿಗೇರಿತು. ಸೊಳ್ಳೆ ಕಚ್ಚುವ ಮುಂಚೆ ಬಿ.ಪಿ. ನೋಡಿ ಕಚ್ಚುತ್ತಾ?

ಬೈಯುತ್ತಲೇ ಪಾಲಿಸಿಯ ಪಿಡಿಎಫ್ ತೆಗೆದೆ, ಎರಡು ವರ್ಷದಲ್ಲಿ ಮೊದಲ ಸಲ. ಕೊನೆಯ ಕಡೆ ಪ್ರಪೋಸಲ್ ಫಾರ್ಮಿನ, ಅಂದರೆ ಅವತ್ತು ಏಜೆಂಟರು ತುಂಬಿದ ಅರ್ಜಿಯ, ಪ್ರತಿ ಇತ್ತು. ಬಿ.ಪಿ. ಇದೆಯೇ? ಇಲ್ಲ. ಯಾವುದಾದರೂ ಮಾತ್ರೆ ದಿನಾ ತೆಗೆದುಕೊಳ್ಳುತ್ತೀರಾ? ಇಲ್ಲ. ಅದು ಹೋಗಲಿ, ಎತ್ತರ 5 ಅಡಿ 9 ಇಂಚು ಅಂತ ಹಾಕಿದ್ದಾರೆ. ನಾನು 5 ಅಡಿ 5. ತೂಕ 65 ಕೆ.ಜಿ. ಅಂತೆ, ನಾನು ಮದುವೆಯಾದಾಗಲೂ ಅಷ್ಟು ಕಮ್ಮಿ ಇರಲಿಲ್ಲ, ಈಗ 79. ಇಮೇಲ್ ಜಾಗದಲ್ಲಿ ಏಜೆಂಟರದ್ದೇ ಇಮೇಲ್. ಆ ಪುಟದಲ್ಲಿದ್ದ ಆಸಾಮಿ ಉದ್ದಕ್ಕೆ, ತೆಳ್ಳಗೆ, ಕಾಯಿಲೆ ಕಸಾಲೆ ಇಲ್ಲದ ಸುಂದರಾಂಗ. ಅವನಿಗೆ ಡೆಂಗಿ ಬಂದಿದ್ದರೆ ಕಂಪನಿ ಖಂಡಿತ ದುಡ್ಡು ಕೊಡುತ್ತಿತ್ತು. ಬಂದದ್ದು ನನಗೆ.

ಅಲ್ಲಿಂದ ನನ್ನ ಸಿಟ್ಟು ಅರ್ಧ ಇಳಿಯಿತು. ರಾತ್ರಿ ಕೂತು ಸ್ವಲ್ಪ ಓದಿದೆ. ವಿಮೆಯಲ್ಲಿ ‘ಪರಮ ವಿಶ್ವಾಸ’ ಅನ್ನುವ ಹಳೇ ತತ್ವ ಇದೆ. ನನ್ನ ವಿಷಯ ನನಗೆ ಗೊತ್ತು, ಕಂಪನಿಗೆ ಗೊತ್ತಿಲ್ಲ, ಅದಕ್ಕೆ ನಾನೇ ಬಿಚ್ಚಿ ಹೇಳಬೇಕು. 1766ರಲ್ಲಿ ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಸುಮಾತ್ರಾದ ಒಂದು ಕೋಟೆಯ ವಿಮೆಯ ಕೇಸಲ್ಲಿ ಇದನ್ನ ಬರೆದರು. ಮಜಾ ಅಂದರೆ ಆ ಕೇಸಲ್ಲಿ ಗೆದ್ದದ್ದು ವಿಮೆ ಮಾಡಿಸಿದವರು. ನೀವೂ ಗೊತ್ತಿದ್ದದ್ದನ್ನ ಗೊತ್ತಿಲ್ಲದವರ ಥರ ನಟಿಸಬೇಡಿ ಅಂತ ವಿಮೆ ಕೊಟ್ಟವರಿಗೂ ಆ ನ್ಯಾಯಾಧೀಶರು ಬಿಸಿ ಮುಟ್ಟಿಸಿದರು. ಅಂದರೆ ಕರ್ತವ್ಯ ಎರಡೂ ಕಡೆಗಿದೆ.

ನಮ್ಮ ಸುಪ್ರೀಂ ಕೋರ್ಟೂ ಎರಡೂ ಥರ ಹೇಳಿದೆ. 2009ರಲ್ಲಿ ಒಂದು ಮೆಡಿಕ್ಲೇಮ್ ಕೇಸಲ್ಲಿ, ಫಾರ್ಮಲ್ಲಿ ಕೇಳಿದ ಕಾಯಿಲೆಯನ್ನ ಮುಚ್ಚಿಟ್ಟರೆ ಕಂಪನಿ ಕ್ಲೇಮ್ ತಿರಸ್ಕರಿಸಬಹುದು ಅಂದಿತು. 2019ರ ಜೀವ ವಿಮೆ ಕೇಸಂತೂ ನನಗೇ ಬರೆದ ಹಾಗಿದೆ. ಓದದೆ ಸಹಿ ಹಾಕಿದೆ, ಏಜೆಂಟ್ ತುಂಬಿದ್ದು ಅಂತ ಹೇಳಿ ತಪ್ಪಿಸಿಕೊಳ್ಳೋಕೆ ಆಗಲ್ಲ ಅಂತ ಅದರಲ್ಲಿದೆ. ಆ ಮಾತಿಗೆ ಆಧಾರವಾಗಿ ಎತ್ತಿಕೊಂಡಿದ್ದು ಯಾವುದನ್ನ ಗೊತ್ತಾ, ನಮ್ಮದೇ ಹಳೇ ಮೈಸೂರು ಹೈಕೋರ್ಟಿನ 1950ರ ದಶಕದ ತೀರ್ಪನ್ನ. ಇನ್ನೊಂದು ಕಡೆ 2021ರ ಡಿಸೆಂಬರ್‌ನಲ್ಲಿ ವಿದೇಶ ಪ್ರಯಾಣದ ಮೆಡಿಕ್ಲೇಮ್ ಕೇಸ್ ಬಂತು. ಆ ಮನುಷ್ಯ ತನಗೆ ಶುಗರ್ ಇದೆ ಅಂತ ಮೊದಲೇ ಹೇಳಿದ್ದರು. ಕಂಪನಿ ಎಲ್ಲ ನೋಡಿಯೇ ಪಾಲಿಸಿ ಕೊಟ್ಟು, ಅಮೆರಿಕದಲ್ಲಿ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ಮೇಲೆ ಕೊಲೆಸ್ಟ್ರಾಲ್ ಮಾತ್ರೆ ತಗೊಳ್ಳೋದನ್ನ ಹೇಳಿರಲಿಲ್ಲ ಅಂತ ಕ್ಲೇಮ್ ತಿರಸ್ಕರಿಸಿತ್ತು. ಅಲ್ಲಿ ಸೋತದ್ದು ಕಂಪನಿ. ಹೇಳಿದವರನ್ನ ಕೋರ್ಟು ಕಾಪಾಡುತ್ತದೆ. ನಾನು ಹೇಳಿದ್ದೆ, ಆದರೆ ಏಜೆಂಟರ ಕಿವಿಗೆ ಹೇಳಿದ್ದೆ. ಕಾಗದಕ್ಕೆ ಹೇಳಿರಲಿಲ್ಲ.

ಆದರೂ ಸುಮ್ಮನೆ ಬಿಡಲು ಮನಸ್ಸಾಗಲಿಲ್ಲ. ಕಂಪನಿಯ ದೂರು ವಿಭಾಗಕ್ಕೆ ಬರೆದೆ. ಅದೇ ಮೂರು ಪ್ಯಾರಾ ತಿರುಗಿ ಬಂತು, ತಾರೀಕು ಮಾತ್ರ ಬೇರೆ. ಇದಕ್ಕೇ ನಾನು ಒಂದು ಸ್ಟಾರ್ ಪೂರ್ತಿ ಕಿತ್ತದ್ದು. ಬರೆದದ್ದನ್ನ ಯಾರೂ ಓದಿಲ್ಲ ಅನ್ನೋದು ಎದ್ದು ಕಾಣುತ್ತಿತ್ತು. ಓದದೆ ಒಟಿಪಿ ಕೊಟ್ಟ ನಾನು ಈ ಮಾತು ಹೇಳುತ್ತಿದ್ದೇನೆ, ನಗಬೇಡಿ.

ಕೊನೆಗೆ ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಒಂಬುಡ್ಸ್‌ಮನ್ (ವಿಮಾ ಕಂಪನಿಗಳ ಮೇಲಿನ ದೂರು ವಿಚಾರಿಸುವವರು) ಕಚೇರಿಗೆ ದೂರು ಹಾಕಿದೆ. ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಫೀಸ್ ಇಲ್ಲ. ವಕೀಲರು ಬೇಡ. ಮೊದಲು ಕಂಪನಿಗೆ ದೂರು ಕೊಟ್ಟು, ಅವರು ಆಗಲ್ಲ ಅಂದಿರಬೇಕು, ಇಲ್ಲ ಒಂದು ತಿಂಗಳು ಉತ್ತರ ಕೊಡದೆ ಇರಬೇಕು. ಆಗಲ್ಲ ಅಂದ ದಿನದಿಂದ ಒಂದು ವರ್ಷದೊಳಗೆ ಹಾಕಬೇಕು. 50 ಲಕ್ಷದವರೆಗಿನ ತಕರಾರು ಅಲ್ಲಿ ನಡೆಯುತ್ತದೆ.

2025ರ ಫೆಬ್ರವರಿಯಲ್ಲಿ ವಿಡಿಯೋದಲ್ಲೇ ವಿಚಾರಣೆ. ಅಂಗಡಿಯ ಷಟರ್ ಅರ್ಧ ಎಳೆದು ಕಂಪ್ಯೂಟರ್ ಮುಂದೆ ಕೂತೆ. ಹತ್ತು ನಿಮಿಷಕ್ಕೆ ಕರೆಂಟ್ ಹೋಯ್ತು, ಯುಪಿಎಸ್ ಮೇಲೆ ಮುಂದುವರಿಸಿದೆವು. ಮೊದಲ ಪ್ರಶ್ನೆ ನನಗೇ ಬಂತು. ‘ಒಟಿಪಿ ಹೇಳಿದ್ದು ನೀವೇ ತಾನೇ?’ ಹೌದು ಸಾರ್ ಅಂದೆ. ‘ಪಾಲಿಸಿ ಕೈಗೆ ಬಂದ ಮೇಲಾದರೂ ಓದಬಹುದಿತ್ತಲ್ಲ?’ ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಿಂದೆ ಗೋಡೆ ಮೇಲೆ ‘ಅರ್ಜಿ ಸಲ್ಲಿಸುವ ಮುನ್ನ ವಿವರ ಸರಿಯಾಗಿ ಪರಿಶೀಲಿಸಿ, ಆಮೇಲೆ ನಾವು ಜವಾಬ್ದಾರರಲ್ಲ’ ಅಂತ ನಾನೇ ಅಂಟಿಸಿದ ಬೋರ್ಡ್ ಇತ್ತು. ಕ್ಯಾಮೆರಾದಲ್ಲಿ ಕಾಣದಿರಲಿ ಅಂತ ಸ್ವಲ್ಪ ಸರಿದು ಕೂತೆ.

ಆಮೇಲೆ ಕಂಪನಿಯವರ ಸರದಿ. ‘ಬಿ.ಪಿ. ಇದೆ ಅಂತ ಬರೆದಿದ್ದರೆ ಇವರಿಗೆ ಪಾಲಿಸಿ ಕೊಡ್ತಿರಲಿಲ್ಲವಾ?’ ಕೊಡ್ತಿದ್ದೆವು ಸಾರ್, ಹತ್ತು ಪರ್ಸೆಂಟ್ ಪ್ರೀಮಿಯಂ ಜಾಸ್ತಿ ಹಾಕಿ. ‘ಡೆಂಗಿಗೆ ದುಡ್ಡು ಕೊಡ್ತಿದ್ರಾ?’ ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಕೊಡ್ತಿದ್ದೆವು.

ಅಲ್ಲಿಗೆ ರಾಜಿ ಆಯ್ತು. ಕೈಗವಸು, ಮಾಸ್ಕು ಅಂತ ಏನೇನೋ ಕಳೆದು 71,900 ರೂಪಾಯಿ ಕೊಟ್ಟರು. ಬಿ.ಪಿ. ನನ್ನ ಪಾಲಿಸಿಯಲ್ಲಿ ದಾಖಲಾಯಿತು. ಅದಕ್ಕೆ ಸಂಬಂಧಿಸಿದ ಚಿಕಿತ್ಸೆಗೆ ಅಲ್ಲಿಂದ ಮೂರು ವರ್ಷ ಕಾಯಬೇಕು, ಹತ್ತು ಪರ್ಸೆಂಟ್ ಜಾಸ್ತಿ ಕಟ್ಟಬೇಕು. ಒಪ್ಪಿಕೊಂಡೆ. ಮೊದಲೇ ಬರೆದಿದ್ದರೆ ಆ ಮೂರು ವರ್ಷ 2025ರ ನವೆಂಬರ್‌ಗೇ ಮುಗಿಯುತ್ತಿತ್ತು. ಈಗ 2028ರವರೆಗೆ ಹೃದಯ ಹುಷಾರಾಗಿ ನೋಡಿಕೊಳ್ಳಬೇಕು. ಮತ್ತೆ, ಎಲ್ಲರಿಗೂ ಹೀಗೆ ರಾಜಿ ಆಗುತ್ತೆ ಅಂದುಕೊಳ್ಳಬೇಡಿ. ನನಗೆ ಬಂದದ್ದು ಡೆಂಗಿ. ಪಾರ್ಶ್ವವಾಯುನೋ ಹಾರ್ಟ್ ಅಟ್ಯಾಕೋ ಆಗಿದ್ದರೆ ಬಿ.ಪಿ.ಗೂ ಅದಕ್ಕೂ ಸಂಬಂಧ ಇಲ್ಲ ಅಂತ ಯಾವ ಬಾಯಲ್ಲಿ ಹೇಳುತ್ತಿದ್ದೆ?

ಲೆಕ್ಕ ಹೇಳಿಬಿಡುತ್ತೇನೆ. ಪ್ರೀಮಿಯಂ 22,400, ಹತ್ತು ಪರ್ಸೆಂಟ್ ಅಂದರೆ 2,240, ಆಗ ಇದ್ದ 18 ಪರ್ಸೆಂಟ್ ಜಿಎಸ್‌ಟಿ ಸೇರಿಸಿ 2,643 ರೂಪಾಯಿ. ಏಜೆಂಟರು ನನಗೆ ವರ್ಷಕ್ಕೆ ಉಳಿಸಿಕೊಟ್ಟದ್ದು ಇಷ್ಟು. ತಿಂಗಳಿಗೆ 220 ಆಯ್ತು. 2025ರ ಸೆಪ್ಟೆಂಬರ್ 22ರಿಂದ ಸ್ವಂತಕ್ಕೆ ಮಾಡಿಸುವ ಹೆಲ್ತ್ ಪಾಲಿಸಿಗೆ ಜಿಎಸ್‌ಟಿ ತೆಗೆದರಲ್ಲ, ಹಾಗಾಗಿ ಮೊನ್ನೆ ನವೆಂಬರ್‌ನಲ್ಲಿ ರಿನ್ಯೂ ಮಾಡುವಾಗ ಹತ್ತು ಪರ್ಸೆಂಟ್ ಜಾಸ್ತಿ ಕಟ್ಟಿಯೂ 24,640 ಆಯ್ತು. ಸುಳ್ಳು ಹೇಳಿದ ವರ್ಷ ಕಟ್ಟಿದ್ದು 26,432.

ಹೊಸದಾಗಿ ಮಾಡಿಸುವವರಿಗೆ ಒಂದೆರಡು ಮಾತು. ಪಾಲಿಸಿ ಕೈಗೆ ಬಂದ ಮೇಲೆ ಬೇಡ ಅಂತ ವಾಪಸ್ ಕೊಡಲು ಈಗ 30 ದಿನ ಇದೆ. ಆ ದಿನಗಳಲ್ಲಿ ಬೇರೇನೂ ಓದದಿದ್ದರೂ ಪರವಾಗಿಲ್ಲ, ನಿಮ್ಮ ಹೆಸರಲ್ಲಿ ತುಂಬಿದ ಫಾರ್ಮ್ ಓದಿ. ತಪ್ಪಿದ್ದರೆ ಇಮೇಲ್ ಹಾಕಿ, ಫೋನಲ್ಲಿ ಹೇಳಿ ಬಿಡಬೇಡಿ. ಐದು ವರ್ಷ ಬಿಡದೆ ಕಟ್ಟಿದರೆ ಆಮೇಲೆ ಯಾರೂ ಕೇಳಲ್ಲ ಅಂತ ಕೆಲವರು ಹೇಳುತ್ತಾರೆ. ಅರ್ಧ ನಿಜ. 2024ರಲ್ಲಿ ವಿಮಾ ಕಂಪನಿಗಳನ್ನ ನಿಯಂತ್ರಿಸುವ ಐಆರ್‌ಡಿಎಐ ಆ ಅವಧಿಯನ್ನ ಎಂಟು ವರ್ಷದಿಂದ 60 ತಿಂಗಳಿಗೆ ಇಳಿಸಿದೆ, ಆದರೆ ಮೋಸ ಅಂತ ಸಾಬೀತಾದರೆ ಆ ರಕ್ಷಣೆ ಇಲ್ಲ. ಜೀವ ವಿಮೆಯ ಲೆಕ್ಕವೇ ಬೇರೆ, ಅಲ್ಲಿ ವಿಮಾ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ ಮೂರು ವರ್ಷ. ಇವೆರಡನ್ನೂ ಕಲಸಿ ಹೇಳುವವರು ಬಹಳ. ಇನ್ನೊಂದು, ಆಸ್ಪತ್ರೆಯಲ್ಲಿ ಡಾಕ್ಟರ್ ಹತ್ತಿರ ಸುಳ್ಳು ಹೇಳುವ ಐಡಿಯಾ ಬೇಡವೇ ಬೇಡ, ಅದು ಜೀವದ ಪ್ರಶ್ನೆ. ನನ್ನ ಹೆಂಡತಿ ಆ ರಾತ್ರಿ ಹೇಳಿದ್ದು ಸರಿಯೇ. ‘ನನ್ನ ಬಾಯಿಂದಲೇ ಆಯ್ತು’ ಅಂತ ಅವಳು ಎಷ್ಟೋ ದಿನ ಕೊರಗಿದಳು, ಅದೊಂದು ನನಗೆ ಈಗಲೂ ಬೇಜಾರು.

ಏಜೆಂಟರ ಮೇಲೆ ಈಗ ದ್ವೇಷ ಏನಿಲ್ಲ, ಮಾತೂ ಬಿಟ್ಟಿಲ್ಲ. ಮೊನ್ನೆ ಅಂಗಡಿಗೆ ಬಂದಿದ್ದರು, ಯಾರದ್ದೋ ಪ್ರಪೋಸಲ್ ಫಾರ್ಮಿನ ಎರಡು ಪ್ರತಿ ಬೇಕಿತ್ತು. ಮೆಷಿನ್ ಮೇಲೆ ಇಡುವಾಗ ಕಣ್ಣು ಹೋಯಿತು. ಸಹಿ ಆಗಿದೆ, ಕಾಯಿಲೆಯ ಕಾಲಂ ಪೂರ್ತಿ ಖಾಲಿ.

‘ಇದನ್ನ ಯಾರು ತುಂಬ್ತಾರೆ ಸಾರ್?’ ಅಂದೆ.

ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಫಾರ್ಮ್ ಮಡಚಿ ಜೇಬಿಗಿಟ್ಟುಕೊಂಡು, ‘ಇರಿ, ಅವರನ್ನೇ ಕರ್ಕೊಂಡು ಬರ್ತೀನಿ’ ಅಂತ ಗಾಡಿ ಹತ್ತಿದರು. ಎರಡು ದಿನ ಆಯ್ತು, ಇನ್ನೂ ಬಂದಿಲ್ಲ.